ಆವಿಯ ಋಣ

ಮನೆಯೊಳಗೊಂದು ಗಾಜಿನ ತೊಟ್ಟಿಯನ್ನಿರಿಸಿ, ಅದರಲ್ಲಿ ಉಪ್ಪುನೀರು ತುಂಬಿ, ಹವಳದ ಜೀವಿಗಳನ್ನೂ ಅವುಗಳ ನಡುವೆ ಸುಳಿದಾಡುವ ಮೀನುಗಳನ್ನೂ ಬದುಕಿಸಹೊರಡುವವನಿಗೆ ಎದುರಾಗುವ ಚಿಂತೆಗಳು ವರ್ಷದ ಉಳಿದ ಕಾಲದಲ್ಲಿ ಹಲವಾಗಿದ್ದರೂ, ಬೇಸಗೆ ಕಾಲಿಟ್ಟೊಡನೆ ಅವೆಲ್ಲವೂ ಹಿಂದೆ ಸರಿದು ಎರಡೇ ಎರಡು ಮುಂದೆ ನಿಲ್ಲುತ್ತವೆ. ನೀರು ಬಿಸಿಯಾಗುತ್ತಿದೆ, ನೀರು ಇಳಿಯುತ್ತಿದೆ. ಇವೆರಡನ್ನೂ ಪ್ರತ್ಯೇಕ ವ್ಯಾಧಿಗಳೆಂದು ಬಗೆದು, ಮೊದಲನೆಯದಕ್ಕೆ ಚಿಲ್ಲರ್ ಎಂಬ ಶೀತಕಯಂತ್ರವನ್ನೂ ಎರಡನೆಯದಕ್ಕೆ ಗಾಜಿನ ಮುಚ್ಚಳವನ್ನೂ ಮದ್ದಾಗಿ ತಂದಿಡುವುದು ಈ ಹವ್ಯಾಸದಲ್ಲಿ ಬಹುಮಂದಿಯ ರೂಢಿ. ನೀರು ಇಳಿಯುವುದೇ ಬಿಸಿಯೇರಿಕೆಗೆ ಪ್ರಕೃತಿ ಮಾಡುತ್ತಿರುವ ಚಿಕಿತ್ಸೆಯೆಂದೂ, ಮುಚ್ಚಳ ಹಾಕಿದವನು ಆ ಚಿಕಿತ್ಸೆಯನ್ನು ತಡೆದು ಅದೇ ಕೆಲಸಕ್ಕೆ ಹಣ ಕೊಟ್ಟು ಯಂತ್ರವೊಂದನ್ನು ನೇಮಿಸಿಕೊಂಡಂತಾಗುತ್ತದೆಂದೂ ನನ್ನ ಅಭಿಪ್ರಾಯ. ಆವಿಯನ್ನು ನಷ್ಟವೆಂದು ಎಣಿಸದೆ ಋಣವೆಂದು ಎಣಿಸಿ, ಅದನ್ನು ತೀರಿಸುವ ಕ್ರಮವನ್ನು ಕಲಿತಲ್ಲಿ, ಈ ಎರಡು ಚಿಂತೆಗಳೂ ಒಂದೇ ಲೆಕ್ಕದ ಜಮೆ ಖರ್ಚುಗಳಾಗಿ ಕಾಣತೊಡಗುತ್ತವೆ.

ದ್ರವವು ಆವಿಯಾಗುವಾಗ ತನ್ನ ನೆರೆಯಿಂದ ಉಷ್ಣವನ್ನು ಸೆಳೆದುಕೊಳ್ಳುತ್ತದೆಂಬುದು ಶಾಲೆಯ ಪಾಠ. ಮಣ್ಣಿನ ಹೂಜಿಯ ನೀರು ಏಕೆ ತಣ್ಣಗಿರುತ್ತದೆಂದು ಕೇಳಿದರೆ ಹತ್ತು ವರ್ಷದ ಹುಡುಗನೂ ಉತ್ತರ ಹೇಳಿಯಾನು. ಆದರೆ ಪಾಠವಾಗಿ ಬಾಯಿಗೆ ಬಂದುದರ ಪ್ರಮಾಣ ಮನಸ್ಸಿಗೆ ಹತ್ತಬೇಕಾದರೆ ಅಂಕಿಗಳ ಸಹಾಯ ಬೇಕು. ತೊಟ್ಟಿಯ ಸಾಧಾರಣ ಉಷ್ಣತೆಯಲ್ಲಿ ಒಂದು ಲೀಟರು ನೀರು ಆವಿಯಾಗಿ ಹೋಗುವಾಗ ತನ್ನೊಡನೆ ಕೊಂಡೊಯ್ಯುವ ಗುಪ್ತೋಷ್ಣವು ಸುಮಾರು 2,430 ಕಿಲೋಜೌಲ್. ಬೇರೆ ಕಡೆಯಿಂದ ಬಿಸಿ ಒಳಬರದಿದ್ದ ಪಕ್ಷದಲ್ಲಿ, 200 ಲೀಟರಿನ ತೊಟ್ಟಿಯೊಂದನ್ನು ಮೂರು ಡಿಗ್ರಿಯಷ್ಟು ತಣಿಸಲು ಈ ಒಂದು ಲೀಟರೇ ಸಾಕು. ಅದನ್ನೇ ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ದಿನಕ್ಕೊಂದು ಲೀಟರಿನಂತೆ ಆವಿಯಾಗುವ ತೊಟ್ಟಿಯು ಹಗಲಿರುಳೂ ಎಡೆಬಿಡದೆ 28 ವ್ಯಾಟಿನ ಪ್ರಮಾಣದಲ್ಲಿ ಉಷ್ಣವನ್ನು ಹೊರಹಾಕುತ್ತಿರುತ್ತದೆ. ನೀರಿನಲ್ಲಿ ಮುಳುಗಿರುವ ಪಂಪುಗಳು ಸೇವಿಸುವ ವಿದ್ಯುತ್ತೆಲ್ಲವೂ, ಅವು ಮಾಡುವ ಕೆಲಸ ಯಾವುದೇ ಆಗಿರಲಿ, ಕೊನೆಗೆ ಬಿಸಿಯಾಗಿಯೇ ಆ ನೀರಿನಲ್ಲಿ ಉಳಿಯತಕ್ಕದ್ದು. ಅದರ ಮೇಲೆ ದೀಪಗಳ ಕಾವು. ಹಳೆಯ ಮೆಟಲ್ ಹ್ಯಾಲೈಡ್ ದೀಪಗಳ ಕಾಲದಲ್ಲಿ ಒಂದೊಂದು ಬಲ್ಬೂ 250 ವ್ಯಾಟಿನ ಒಲೆಯಾಗಿತ್ತು, ಎಲ್‌.ಇ.ಡಿ. ಬಂದ ಮೇಲೆ ಆ ಉಪದ್ರವ ಬಹಳಮಟ್ಟಿಗೆ ತಗ್ಗಿದೆ. ಹೀಗಾಗಿ, ಇಂದಿನ ಮಧ್ಯಮ ಗಾತ್ರದ ತೊಟ್ಟಿಯೊಂದರಲ್ಲಿ ದಿನಕ್ಕೆ ಮೂರು ಲೀಟರು ನೀರು ಆವಿಯಾಗುವುದಾದರೆ, ಆ ತೊಟ್ಟಿಯ ಯಂತ್ರಗಳು ಸುರಿಯುವ ಬಿಸಿಯ ಬಹುಭಾಗ ಆ ದಾರಿಯಲ್ಲಿಯೇ ಹೊರಟುಹೋಗುತ್ತದೆ. ಮುಚ್ಚಳ ಬೀಳುವುದು ಈ ಬಾಗಿಲಿನ ಮೇಲೆ. ಮೀನು ಹಾರಿ ನೆಲಕ್ಕೆ ಬಿದ್ದೀತೆಂಬ ಭಯವಿರುವವರು ಗಾಜಿಗೆ ಬದಲಾಗಿ ಸೊಳ್ಳೆಪರದೆಯಂಥ ಜಾಲರಿಯನ್ನು ಚೌಕಟ್ಟಿಗೆ ಬಿಗಿದು ಹೊದಿಸಿದರೆ ಭಯವೂ ಹೋಗುತ್ತದೆ, ಬಾಗಿಲೂ ತೆರೆದಿರುತ್ತದೆ.

ಇದಿಷ್ಟು ಜಮೆಯಾಯಿತು. ಖರ್ಚಿನ ಬದಿಯಲ್ಲಿರುವುದು ಉಪ್ಪು. ಹೋಗುವುದು ನೀರು ಮಾತ್ರ, ಉಪ್ಪು ಹೋಗದು. ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು ಬೆಳೆಯುವವರು ಯಾವ ಕ್ರಿಯೆಗಾಗಿ ಬಿಸಿಲನ್ನು ಹಾರೈಸುವರೋ ಅದೇ ಕ್ರಿಯೆ ಇಲ್ಲಿ ಮೆಲ್ಲನೆ, ಕಣ್ಣಿಗೆ ಬೀಳದಂತೆ ನಡೆಯುತ್ತಿರುತ್ತದೆ. ಕಡಲಿನಲ್ಲಿಯೂ ಇದು ನಡೆಯುತ್ತಿಲ್ಲವೆ ಎಂದರೆ, ನಡೆಯುತ್ತಿದೆ. ಜಗತ್ತಿನ ಸಾಗರಗಳ ಮೇಲ್ಮೈಯಿಂದ ವರ್ಷವೊಂದಕ್ಕೆ ಸರಾಸರಿ ಒಂದು ಮೀಟರಿಗೂ ಮಿಕ್ಕ ನೀರು ಆವಿಯಾಗಿ ಏಳುತ್ತದೆ. ಆದರೆ ಕಡಲಿಗೆ ಮಳೆಯುಂಟು, ನದಿಗಳುಂಟು. ನಮ್ಮ ಪರ್ಯಾಯದ್ವೀಪದ ಎರಡು ಮಗ್ಗುಲುಗಳಲ್ಲಿರುವ ಎರಡು ಸಮುದ್ರಗಳನ್ನೇ ನೋಡಬಹುದು. ಒಂದೇ ಅಕ್ಷಾಂಶದಲ್ಲಿ ಒಂದೇ ಸೂರ್ಯನ ಕೆಳಗಿದ್ದರೂ, ಆವಿಯಾಗಿ ಹೋಗುವಷ್ಟು ಸಿಹಿನೀರು ಮರಳಿ ಬಾರದ ಅರಬ್ಬೀ ಸಮುದ್ರದ ವಿಶಾಲಭಾಗದಲ್ಲಿ ಲವಣಾಂಶವು ಸಾವಿರಕ್ಕೆ 36ರ ಆಸುಪಾಸಿನಲ್ಲಿದ್ದರೆ, ಗಂಗಾ ಬ್ರಹ್ಮಪುತ್ರಗಳ ಪ್ರವಾಹವನ್ನು ಹೊಂದುವ ಬಂಗಾಳಕೊಲ್ಲಿಯ ಉತ್ತರಭಾಗದಲ್ಲಿ ಅದು 33ಕ್ಕೂ ಕೆಳಗಿಳಿಯುತ್ತದೆ. ಗಾಜಿನ ತೊಟ್ಟಿಯಾದರೋ ಮಳೆಯಿಲ್ಲದ, ನದಿಯಿಲ್ಲದ ಸಮುದ್ರ. ಅದರ ಒಡೆಯನೇ ಅದಕ್ಕೆ ಮಳೆಯೂ ನದಿಯೂ ಆಗಬೇಕು.

ಆ ಕರ್ತವ್ಯವನ್ನು ಮರೆತರೆ ಆಗುವುದೇನೆಂಬುದನ್ನು ಗಣಿತವೇ ಹೇಳುತ್ತದೆ. 200 ಲೀಟರಿನ ತೊಟ್ಟಿಯಲ್ಲಿ ದಿನಕ್ಕೆ 3 ಲೀಟರಿನಂತೆ ವಾರವೊಂದು ಕಳೆದರೆ, ಸಾವಿರಕ್ಕೆ 35 ಇದ್ದ ಉಪ್ಪು 39ನ್ನು ಮುಟ್ಟುತ್ತದೆ; ಎಂದರೆ ಕೆಂಪು ಸಮುದ್ರದ ಉಪ್ಪಿಗೆ ಸಮೀಪವಾಗುತ್ತದೆ. ಭಾನುವಾರ ಬಿಡುವಾದಾಗ ಯಜಮಾನನು 21 ಲೀಟರು ಸಿಹಿನೀರನ್ನು ಒಮ್ಮೆಗೇ ಸುರಿದರೆ ಅರ್ಧ ಗಂಟೆಯೊಳಗೆ ಅದು ಮೊದಲಿನ ಮಟ್ಟಕ್ಕೆ ಬರುತ್ತದೆ. ಲೆಕ್ಕದ ಪ್ರಕಾರ ಋಣ ತೀರಿತು. ಜೀವಿಗಳ ಪ್ರಕಾರ ಎರಡು ಆಘಾತಗಳಾದವು. ಮೀನಿಗೆ ತನ್ನ ಮೈಯೊಳಗಿನ ಉಪ್ಪಿನ ಪ್ರಮಾಣವನ್ನು ಹೊರಗಿನದರಿಂದ ಬೇರೆಯಾಗಿ ಕಾಪಾಡಿಕೊಳ್ಳುವ ಸಾಮರ್ಥ್ಯವಿದೆ. ಹವಳಕ್ಕೂ, ನಕ್ಷತ್ರಮೀನಿಗೂ ಆ ಸೌಲಭ್ಯವಿಲ್ಲ. ಹೊರಗಿನ ನೀರು ಹೇಗೋ ಒಳಗೂ ಹಾಗೆಯೇ ಆಗಬೇಕಾದ ದೇಹಗಳವು. ಇದಕ್ಕಿಂತಲೂ ವಿಪರೀತವಾದ ಇನ್ನೊಂದು ಭ್ರಾಂತಿಯುಂಟು. ಇಳಿದದ್ದು ಕಡಲನೀರಾದ್ದರಿಂದ ಕಡಲನೀರನ್ನೇ ಬೆರೆಸಿ ತುಂಬಬೇಕೆಂದು ಭಾವಿಸಿ, ದಿನವೂ ಮೂರು ಲೀಟರು ಉಪ್ಪುನೀರನ್ನು ಹಾಕುವ ಹೊಸಬನು ದಿನವೂ ನೂರು ಗ್ರಾಮಿಗೂ ಹೆಚ್ಚು ಉಪ್ಪನ್ನು ಸೇರಿಸುತ್ತ, ಒಂದು ತಿಂಗಳಿನಲ್ಲಿ ಸಾವಿರಕ್ಕೆ 50ರ ಗಡಿಯನ್ನು ದಾಟಿರುತ್ತಾನೆ. ಅಷ್ಟು ಹೊತ್ತಿಗೆ ಆ ತೊಟ್ಟಿಯಲ್ಲಿ ಅಳತೆ ಮಾಡಲು ಕಾರಣವಾಗುವ ಯಾವ ಜೀವಿಯೂ ಉಳಿದಿರುವುದಿಲ್ಲ.

ಇನ್ನು ಉಷ್ಣತೆಯ ವಿಚಾರ. ಎಷ್ಟು ಡಿಗ್ರಿ ಇರಬೇಕೆಂಬ ಪ್ರಶ್ನೆಗೆ ಬಲ್ಲವರು ಕೊಡುವ ಉತ್ತರಗಳು 24ರಿಂದ 28ರವರೆಗೆ ಹರಡಿವೆ. ಜೋನಿ ಕ್ಲೈಪಾಸ್ ಮತ್ತು ಅವರ ಸಂಗಡಿಗರು 1999ರಲ್ಲಿ ಜಗತ್ತಿನ ಹವಳದಿಬ್ಬಗಳ ಪರಿಸರವನ್ನು ಲೆಕ್ಕ ಹಾಕಿದಾಗ ಸರಾಸರಿ ಉಷ್ಣತೆ 27.6 ಡಿಗ್ರಿ ಎಂದು ಕಂಡುಬಂದಿತು. ಹವ್ಯಾಸಿಯು ಈ ಅಂಕಿಯನ್ನು ಮಂತ್ರದಂತೆ ಜಪಿಸಲು ಹೊರಟರೆ ಪ್ರಕೃತಿಯಲ್ಲಿಯೇ ಅದಕ್ಕೆ ಅಪವಾದಗಳು ಬೇಕಾದಷ್ಟು ಸಿಕ್ಕುತ್ತವೆ. ಪರ್ಷಿಯಾ ಕೊಲ್ಲಿಯ ಹವಳಗಳು ಬೇಸಗೆಯಲ್ಲಿ 35 ಡಿಗ್ರಿಯನ್ನೂ, ಸಾವಿರಕ್ಕೆ 40ನ್ನು ಮೀರಿದ ಉಪ್ಪನ್ನೂ ತಾಳಿಕೊಂಡು ಬದುಕುತ್ತವೆ. ಅಮೆರಿಕನ್ ಸಮೋವಾದ ಓಫು ದ್ವೀಪದಲ್ಲಿ, ಇಳಿತದ ವೇಳೆಯಲ್ಲಿ ಹೊರಕಡಲಿನಿಂದ ಬೇರ್ಪಡುವ ಆಳವಿಲ್ಲದ ಕೊಳಗಳಿವೆ. ಅಲ್ಲಿ ಒಂದೇ ದಿನದೊಳಗೆ ನೀರಿನ ಉಷ್ಣತೆ ಆರು ಡಿಗ್ರಿಗಳಷ್ಟು ಏರಿಳಿಯುವುದುಂಟು, ಆದರೂ ಹವಳ ಅಲ್ಲಿ ಬೆಳೆದಿದೆ. ಬೆಳೆದಿರುವುದು ಮಾತ್ರವಲ್ಲ, ನೆರೆಯ ತಂಪು ಕೊಳಗಳ ಹವಳಕ್ಕಿಂತ ಬಿಸಿಯನ್ನು ಹೆಚ್ಚಾಗಿ ಸಹಿಸುವ ಶಕ್ತಿಯನ್ನು ಪಡೆದುಕೊಂಡಿದೆ. ಹಾಗಾದರೆ ಸ್ಥಿರತೆಯ ಮಾತೆಲ್ಲ ಸುಳ್ಳೆ? ಸುಳ್ಳಲ್ಲ. ಓಫುವಿನ ಹವಳವು ತಾನು ಹುಟ್ಟಿದ ನೀರಿನ ಏರಿಳಿತಕ್ಕೆ ತಲೆಮಾರುಗಳಿಂದ ಒಗ್ಗಿದುದು. ಅಂಗಡಿಯಿಂದ ಬಂದ ತುಣುಕಿಗೆ ಅಂಥ ಇತಿಹಾಸವಿದೆಯೋ ಇಲ್ಲವೋ ಎಂಬುದನ್ನು ಕೊಂಡವನೂ ಅರಿಯನು, ಮಾರಿದವನೂ ಅರಿಯನು. ಅದಕ್ಕೆ ತಿಳಿದಿರುವುದು ಈ ತೊಟ್ಟಿಯ ನೀರು ಒಂದೇ.

ಹವಳದ ಮೈಯೊಳಗೆ ವಾಸಿಸುತ್ತ, ಬೆಳಕಿನಿಂದ ಆಹಾರವನ್ನು ಸಿದ್ಧಗೊಳಿಸಿ ತನ್ನ ಆಶ್ರಯದಾತನಿಗೆ ಪಾಲು ಕೊಡುವ ಸೂಕ್ಷ್ಮಪಾಚಿಯು ಉಷ್ಣತೆ ಮಿತಿಮೀರಿದಾಗ ವಿಷವಸ್ತುಗಳನ್ನು ಸ್ರವಿಸತೊಡಗುತ್ತದೆ, ಹವಳವು ಅದನ್ನು ಹೊರದೂಡುತ್ತದೆ, ಹೊರದೂಡಿದ ಹವಳ ಬಿಳಿಚಿಕೊಂಡು ಉಪವಾಸ ಬೀಳುತ್ತದೆ. ಕಡಲಿನಲ್ಲಿ ಇದಕ್ಕೆ ಬೇಕಾದ ಏರಿಕೆ ಬಹಳ ದೊಡ್ಡದೇನೂ ಅಲ್ಲ. ಆಯಾ ಸ್ಥಳದ ಅತ್ಯಂತ ಬಿಸಿಯಾದ ತಿಂಗಳಿನ ಸರಾಸರಿಗಿಂತ ಒಂದೇ ಒಂದು ಡಿಗ್ರಿ ಮೇಲೇರಿ, ನಾಲ್ಕಾರು ವಾರ ಹಾಗೆಯೇ ನಿಂತರೆ ಸಾಕು. 1998ರಲ್ಲಿ ಲಕ್ಷದ್ವೀಪದ ಹವಳದಿಬ್ಬಗಳು ಈ ರೀತಿಯಲ್ಲಿಯೇ ವಿಪುಲವಾಗಿ ನಾಶವಾದವು. ಇದರೊಡನೆ ಇನ್ನೊಂದು ಸಂಗತಿಯನ್ನೂ ಸೇರಿಸಿಕೊಳ್ಳಬೇಕು: 25 ಡಿಗ್ರಿಯ ಕಡಲನೀರಿನಲ್ಲಿ ಲೀಟರಿಗೆ 6.7 ಮಿಲಿಗ್ರಾಮಿನಷ್ಟು ಆಮ್ಲಜನಕ ಕರಗಬಲ್ಲುದಾದರೆ 30 ಡಿಗ್ರಿಯಲ್ಲಿ ಅದು 6.2ಕ್ಕೆ ಇಳಿಯುತ್ತದೆ, ಅದೇ ವೇಳೆಗೆ ಬಿಸಿಯೇರಿದ ಮೀನಿನ ಉಸಿರಾಟದ ಅಗತ್ಯವಾದರೋ ಹೆಚ್ಚುತ್ತದೆ. ಏಪ್ರಿಲಿನ ಮಧ್ಯಾಹ್ನ ಕರೆಂಟು ಹೋಗಿ ಪಂಪು ನಿಂತಾಗ ಮೀನುಗಳು ಸಾಯುವುದು ಬಹುಮಟ್ಟಿಗೆ ಈ ಕಾರಣದಿಂದ. ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿಪಂಪೊಂದನ್ನು ಇಟ್ಟುಕೊಳ್ಳದೆ ಚಿಲ್ಲರಿನ ಬೆಲೆ ವಿಚಾರಿಸಲು ಹೊರಡುವವರ ಪ್ರಾಶಸ್ತ್ಯವಿವೇಕ ನನಗೆ ಅರ್ಥವಾಗುವುದಿಲ್ಲ.

ಅಂಗೈಯಗಲದ ಫ್ಯಾನೊಂದನ್ನು ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವಂತೆ ಕಟ್ಟಿದರೆ ಆವಿಯಾಗುವಿಕೆ ಇಮ್ಮಡಿ ಮುಮ್ಮಡಿಯಾಗುವುದುಂಟು. ಮೇ ತಿಂಗಳಲ್ಲಿ 30 ಡಿಗ್ರಿಯ ಆಸುಪಾಸಿಗೇರಿದ ಅರಬ್ಬೀ ಸಮುದ್ರದ ಮೇಲ್ಮೈ ಆಗಸ್ಟಿನ ವೇಳೆಗೆ ಎರಡು ಮೂರು ಡಿಗ್ರಿ ತಂಪಾಗುವುದರಲ್ಲಿ ಮೋಡಗಳ ಪಾಲೂ, ಆಳದಿಂದ ಮೇಲೇಳುವ ತಣ್ಣೀರಿನ ಪಾಲೂ ಇದ್ದರೂ, ಮುಂಗಾರಿನ ಗಾಳಿ ನೀರನ್ನು ಆವಿಯಾಗಿಸಿ ಒಯ್ಯುವುದರ ಪಾಲು ಸಣ್ಣದಲ್ಲ. ಆದರೆ ಈ ಉಪಾಯಕ್ಕೊಂದು ತಳವಿದೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವು ಆ ಹೊತ್ತಿನ ಗಾಳಿಯಲ್ಲಿ ಯಾವ ಅಂಕಿಯನ್ನು ತೋರಿಸುವುದೋ, ಅದಕ್ಕಿಂತ ಕೆಳಕ್ಕೆ ಯಾವ ಫ್ಯಾನೂ ನೀರನ್ನು ಇಳಿಸಲಾರದು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಮಾರ್ಚಿ ತಿಂಗಳ ಒಂದು ಮಧ್ಯಾಹ್ನ ಗಾಳಿಯ ಉಷ್ಣತೆ 34 ಡಿಗ್ರಿ, ಆರ್ದ್ರತೆ ನೂರಕ್ಕೆ 25 ಎಂದಿಟ್ಟುಕೊಂಡರೆ ಒದ್ದೆ ಬಟ್ಟೆಯ ಅಂಕಿ 20ಕ್ಕಿಂತ ಕೆಳಗಿರುತ್ತದೆ. ಮಂಗಳೂರಿನಲ್ಲಿ ಅದೇ ಋತುವಿನಲ್ಲಿ ಗಾಳಿ 33 ಡಿಗ್ರಿ, ಆರ್ದ್ರತೆ ನೂರಕ್ಕೆ 65 ಆಗಿದ್ದರೆ ಆ ಅಂಕಿ 27ನ್ನು ಮೀರುತ್ತದೆ. ಬೆಂಗಳೂರಿನವನಿಗೆ ಇಳಿಯಲು ಏಳೆಂಟು ಡಿಗ್ರಿಗಳ ಅವಕಾಶ. ಮಂಗಳೂರಿನವನು ಹೊರಟಲ್ಲಿಯೇ ನಿಂತಿರುತ್ತಾನೆ. ಬಿಸಿ ಬಹಳವಾಗಿರುವ ಒಣಹವೆಯಲ್ಲಿಯೇ ಫ್ಯಾನು ಬಹಳ ಕೆಲಸ ಮಾಡುವುದರಿಂದ, ಬಯಲುಸೀಮೆಯಲ್ಲಿ ರೋಗವೂ ಮದ್ದೂ ಒಂದೇ ತಿಂಗಳಲ್ಲಿ ಬರುತ್ತವೆ. ಕರಾವಳಿಯಲ್ಲಿ, ಮುಂಬಯಿಯಲ್ಲಿ, ಸಿಂಗಪುರದಲ್ಲಿ ಹಾಗಿಲ್ಲ. ಅಲ್ಲಿಯವರು ಚಿಲ್ಲರನ್ನು ಕೊಳ್ಳುವುದು ವಿಲಾಸವೆಂದು ನಾನು ಹೇಳಲಾರೆ. ಒಣನಾಡಿನವರು ಅವರನ್ನು ನೋಡಿ ಕೊಳ್ಳುವುದನ್ನು ಮಾತ್ರ ಹಾಗೆ ಹೇಳಬಲ್ಲೆ.

ಚಿಲ್ಲರನ್ನು ಸಮರ್ಥಿಸುವವರು, ಅದು ನೀರನ್ನು ಆವಿಯಾಗಿಸದೆ ತಣಿಸುತ್ತದೆ, ಆದುದರಿಂದ ಉಪ್ಪಿನ ಲೆಕ್ಕದ ತಲೆನೋವೇ ಇಲ್ಲ ಎನ್ನುತ್ತಾರೆ. ತೊಟ್ಟಿಯನ್ನು ಬಿಗಿಯಾಗಿ ಮುಚ್ಚಿಟ್ಟರೆ ಮಾತ್ರ ಅದು ನಿಜ. ಹವಳದ ತೊಟ್ಟಿಯಲ್ಲಿ ಗಾಳಿಯ ವಿನಿಮಯಕ್ಕಾಗಿ ಮೇಲ್ಮೈಯನ್ನು ತೆರೆದಿಡಬೇಕಾದುದರಿಂದ ಚಿಲ್ಲರಿದ್ದರೂ ಆವಿಯ ಋಣ ಇದ್ದೇ ಇರುತ್ತದೆ. ಮೇಲಾಗಿ, ಈ ಯಂತ್ರವು ಉಷ್ಣವನ್ನು ನಾಶ ಮಾಡುವುದಿಲ್ಲ, ತೊಟ್ಟಿಯಿಂದ ಕೋಣೆಗೆ ವರ್ಗಾಯಿಸುತ್ತದೆ, ಆ ವರ್ಗಾವಣೆಗೆ ತಾನು ಸೇವಿಸಿದ ವಿದ್ಯುತ್ತನ್ನೂ ಬಿಸಿಯಾಗಿ ಅದೇ ಕೋಣೆಯಲ್ಲಿ ಬಿಡುತ್ತದೆ. ಕದ ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ತಾನೇ ಎಬ್ಬಿಸಿದ ಸೆಕೆಯೊಡನೆ ಸೆಣಸುತ್ತಿರುತ್ತದೆ. ಫ್ಯಾನಿನ ಪಕ್ಷಪಾತಿಯಾದ ನಾನು ಅದರ ದೋಷವನ್ನೂ ಮುಚ್ಚಿಡಬಾರದಷ್ಟೆ. ಹವಾನಿಯಂತ್ರಣವಿರುವ ಮುಚ್ಚಿದ ಕೋಣೆಯಲ್ಲಿ ಫ್ಯಾನು ಎಬ್ಬಿಸಿದ ಆವಿಯನ್ನು ಏ.ಸಿ. ಯಂತ್ರ ಮತ್ತೆ ನೀರಾಗಿಸಿ ಹೊರಹಾಕಬೇಕಾಗುತ್ತದೆ. ಆಗ ತೊಟ್ಟಿಯಲ್ಲಿ ಉಳಿಸಿದ ಖರ್ಚು ಏ.ಸಿ.ಯ ಬಿಲ್ಲಿನಲ್ಲಿ ಹಾಜರಾಗುತ್ತದೆ. ತೆರೆದ ಕಿಟಕಿಯಿದ್ದಲ್ಲಿ ಮಾತ್ರ ಫ್ಯಾನಿನ ಲಾಭ ನಿಜವಾದ ಲಾಭ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ. ಸುಮಾರು ನೂರು ಕಿಲೋಮೀಟರು ದೂರದ ಕಾವೇರಿಯಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತಂದ ನೀರನ್ನು ಕುಡಿಯುವ ಊರಿನಲ್ಲಿ, 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಬಡಾವಣೆಗಳು ಟ್ಯಾಂಕರಿಗಾಗಿ ಕಾದ ಊರಿನಲ್ಲಿ, ಶುದ್ಧೀಕರಿಸಿದ ನೀರನ್ನು ಬೇಕೆಂದೇ ಗಾಳಿಗೆ ಹಾರಿಸುವುದು ಧರ್ಮವೆ? ಈ ಪ್ರಶ್ನೆಯನ್ನು ನಗೆಮಾತಿನಿಂದ ತಳ್ಳಿಹಾಕಲಾಗದು. ತೊಟ್ಟಿಗೆ ಮರಳಿ ತುಂಬಲು ಶೋಧಕಯಂತ್ರದಿಂದ ಮೂರು ಲೀಟರು ಆರ್‌.ಒ. ನೀರನ್ನು ಪಡೆಯಲು ಅದರ ಎರಡು ಮೂರು ಪಟ್ಟು ನೀರು ಪಕ್ಕದ ಕೊಳವೆಯಿಂದ ಹೊರಹೋಗುತ್ತದೆ. ಆದರೆ ಹೊರಹೋದ ನೀರು ಹಾಳಾದ ನೀರಲ್ಲ. ನೆಲ ಒರೆಸಲು, ಬಟ್ಟೆ ನೆನೆಸಲು ಅದು ಯೋಗ್ಯವೇ. ಅದನ್ನು ಬಕೀಟಿನಲ್ಲಿ ಹಿಡಿದು ಬಳಸುವ ಮನೆಯಲ್ಲಿ ನಿವ್ವಳ ಖರ್ಚು ಆ ಮೂರು ಲೀಟರು, ಒಬ್ಬ ಮನುಷ್ಯನು ಕುಡಿಯುವಷ್ಟು. ಹಿಡಿದಿಡಲು ಸೋಮಾರಿತನವಿರುವವರ ವಿಷಯದಲ್ಲಿ ಆಕ್ಷೇಪವು ಸಂಪೂರ್ಣವಾಗಿ ನಿಲ್ಲುತ್ತದೆ.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡುವುದು ಮೇಲು. ದಿಬ್ಬಕಟ್ಟುವ ಕಲ್ಲುಹವಳ, ಕಪ್ಪುಹವಳ, ಬೆಂಕಿಹವಳ, ಕಡಲ ಬೀಸಣಿಗೆ ಇವೆಲ್ಲವೂ ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿದುವು. ಹುಲಿಗಿರುವ ರಕ್ಷಣೆಯೇ ಅವುಗಳಿಗೂ ಇದೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋದವನು ಅಲ್ಲಿಯ ಹವಳವನ್ನು ನೀರಿನೊಳಗೆ ಕಂಡು ಬರಬಹುದೇ ಹೊರತು ಬೆರಳುದ್ದದ ಚೂರನ್ನೂ ಮುರಿದು ತರುವಂತಿಲ್ಲ, ತರಲೂಬಾರದು. ಮುಂದೆ ಬರುವ ಸುಣ್ಣದ ಪ್ರಸಂಗವು, ಕಲ್ಲುಹವಳವನ್ನು ಸಾಕಣೆಕೇಂದ್ರಗಳಿಂದ ಕೊಂಡು ಬೆಳೆಸಲು ಅವಕಾಶವಿರುವ ನಾಡುಗಳಲ್ಲಿ ನೆಲಸಿದ ಕನ್ನಡಿಗರಿಗೆ ಹೆಚ್ಚಾಗಿ ಅನ್ವಯಿಸತಕ್ಕದ್ದು. ಅರಿಜೋನಾದ ಮರುಭೂಮಿಯಲ್ಲಿ ವಾಸಿಸುವವರಿಗಂತೂ ಆವಿಯ ಲೆಕ್ಕ ಬಳ್ಳಾರಿಯ ಲೆಕ್ಕಕ್ಕಿಂತ ಕಡಿಮೆಯೇನಲ್ಲ.

ಮರಳಿ ತುಂಬುವ ನೀರು ಎಂಥದಾಗಿರಬೇಕು? ಆವಿಯು ತನ್ನೊಡನೆ ಏನನ್ನೂ ಒಯ್ಯದಿರುವುದರಿಂದ, ಅದರ ಸ್ಥಾನಕ್ಕೆ ಬರುವ ನೀರೂ ಏನನ್ನೂ ತರಬಾರದು. ಕೊಳವೆಬಾವಿಯ ನೀರಿನ ಗಡಸುತನವೂ ನೈಟ್ರೇಟೂ, ಒಂದೊಂದು ದಿನಕ್ಕೆ ಗಣನೆಗೆ ಬಾರದಷ್ಟು ಅಲ್ಪವೆಂದು ತೋರಿದರೂ, ದಿನವೂ ಸೇರುತ್ತ ಎಂದೂ ಹೊರಹೋಗದೆ ತೊಟ್ಟಿಯಲ್ಲಿ ಸಂಚಯವಾಗುತ್ತವೆ. ಏ.ಸಿ. ಯಂತ್ರದಿಂದ ತೊಟ್ಟಿಕ್ಕುವ ನೀರು ಆವಿಯಿಂದ ಇಳಿದುದಾದ್ದರಿಂದ ಶುದ್ಧವೆಂದು ತರ್ಕಿಸುವ ಜಾಣರನ್ನು ಕಂಡಿದ್ದೇನೆ. ತರ್ಕ ಸೊಗಸಾಗಿದೆ, ಆದರೆ ಆ ನೀರು ಇಳಿದು ಬಂದ ಸುರುಳಿಗಳಲ್ಲಿ ತಾಮ್ರವಿರುತ್ತದೆ. ಮೀನಿನ ರೋಗಕ್ಕೆ ಔಷಧವಾಗುವ ತಾಮ್ರ ಬೆನ್ನೆಲುಬಿಲ್ಲದ ಜೀವಿಗಳಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ವಿಷ.

ಫ್ಯಾನಿಗೆ ಉಷ್ಣನಿಯಂತ್ರಕವೊಂದನ್ನು ಜೋಡಿಸುವುದು ಅವಶ್ಯ, ಏಕೆಂದರೆ ಬಯಲುಸೀಮೆಯ ಒಣಹವೆಯ ರಾತ್ರಿಯಲ್ಲಿ ಅದು ತಾನು ಹಗಲು ಮಾಡಿದ ಉಪಕಾರವನ್ನೇ ಅತಿಯಾಗಿ ಮುಂದುವರಿಸಿ ನೀರನ್ನು 23ಕ್ಕೋ 22ಕ್ಕೋ ಇಳಿಸಿಬಿಡಬಲ್ಲುದು. ಹೀಟರು 25ರ ಕೆಳಗೆ ಮಾತ್ರ ಹೊತ್ತಿಕೊಳ್ಳುವಂತೆಯೂ ಫ್ಯಾನು 26.5ರ ಮೇಲೆ ಮಾತ್ರ ತಿರುಗುವಂತೆಯೂ ಇಟ್ಟು, ನಡುವೆ ಇಬ್ಬರಿಗೂ ಸೇರದ ಜಾಗವನ್ನು ಬಿಡಬೇಕು. ಇಲ್ಲವಾದರೆ ಒಂದು ಬಿಸಿಮಾಡುವುದನ್ನು ಮತ್ತೊಂದು ತಣಿಸುತ್ತ, ಎರಡೂ ಸೇರಿ ಮೀಟರನ್ನು ತಿರುಗಿಸುತ್ತಿರುತ್ತವೆ.

ಇಷ್ಟು ಹೊತ್ತೂ ಋಣವೆಂದು ಕರೆದುದರಲ್ಲಿ ಒಂದು ಲಾಭವೂ ಅಡಗಿದೆ. 1970ರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ಎಂಬಾತನು, ಆವಿಯಾದ ನೀರಿನ ಸ್ಥಾನಕ್ಕೆ ಬರಿಯ ನೀರನ್ನು ಹಾಕುವುದರ ಬದಲು ಸುಣ್ಣದ ತಿಳಿನೀರನ್ನು ಹಾಕುವ ಪದ್ಧತಿಯನ್ನು ಯೂರೋಪಿನಲ್ಲಿ ಬಳಕೆಗೆ ತಂದನು. ಕಲ್ಲುಹವಳವು ತನ್ನ ಅಸ್ಥಿಯನ್ನು ಕಟ್ಟಲು ನೀರಿನಿಂದ ಕ್ಯಾಲ್ಸಿಯಮ್ಮನ್ನೂ ಕ್ಷಾರವನ್ನೂ ಒಟ್ಟೊಟ್ಟಿಗೆ ಹೀರುತ್ತದೆ. ಸುಣ್ಣದ ತಿಳಿ ಅವೆರಡನ್ನೂ ಹವಳ ಹೀರುವ ಪ್ರಮಾಣದಲ್ಲಿಯೇ, ಬೇರಾವ ಉಪ್ಪನ್ನೂ ಉಳಿಸದೆ ಕೊಡುತ್ತದೆ. ಲೀಟರಿಗೆ ಒಂದೂವರೆ ಗ್ರಾಮಿನಷ್ಟು ಮಾತ್ರ ಸುಣ್ಣ ನೀರಿನಲ್ಲಿ ಕರಗುವುದರಿಂದ, ಕೊಡಬಹುದಾದ ಸುಣ್ಣದ ಪ್ರಮಾಣವನ್ನು ನಿರ್ಧರಿಸುವುದು ಆವಿಯಾದ ನೀರಿನ ಪ್ರಮಾಣವೇ. ಮೂರು ಲೀಟರು ಹೋಗುವ 200 ಲೀಟರಿನ ತೊಟ್ಟಿಗೆ ಇದರಿಂದ ದಿನಕ್ಕೆ ಲೀಟರಿಗೆ 12 ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ ದೊರೆಯುತ್ತದೆ. ಕಡಲನೀರಿನಲ್ಲಿ ಇರತಕ್ಕದ್ದು ಸುಮಾರು 410. ಮುಚ್ಚಳ ಹಾಕಿ ಆವಿಯನ್ನು ಉಳಿಸಿದವನಿಗೆ ಸುಣ್ಣ ಹಾಕಲು ಎಡೆಯೇ ಇರುವುದಿಲ್ಲ. ಅವನು ಅಂಗಡಿಯಿಂದ ಬೇರೆ ಬೇರೆ ಶೀಷೆಗಳನ್ನು ತರಬೇಕು.

ಈ ತಿಳಿಯು ಪ್ರಬಲವಾದ ಕ್ಷಾರ. ಅದನ್ನು ರಾತ್ರಿಯ ವೇಳೆ, ತೊಟ್ಟಿಯ ಕ್ಷಾರತೆ ತಾನಾಗಿ ತಗ್ಗಿರುವಾಗ, ಹನಿಹನಿಯಾಗಿ ಬಿಡುವುದು ಕ್ರಮ. ನೀರು ತಾನಾಗಿ ತುಂಬುವಂತೆ ತೇಲುಗುಂಡಿನ ಸ್ವಿಚ್ಚನ್ನು ಜೋಡಿಸುವವರು ಬಹಳ. ಬಸವನಹುಳು ಅಂಟಿಯೋ ಉಪ್ಪು ಕಟ್ಟಿಯೋ ಆ ಗುಂಡು ಒಂದಲ್ಲ ಒಂದು ದಿನ ಸಿಕ್ಕಿಕೊಳ್ಳುವುದರಲ್ಲಿ ಸಂದೇಹವಿಲ್ಲವಾದುದರಿಂದ, ಸಿಕ್ಕಿಕೊಂಡ ದಿನ ಏನಾದೀತೆಂಬುದನ್ನು ಮೊದಲೇ ಎಣಿಸಿ, ತುಂಬುವ ನೀರನ್ನಿಟ್ಟ ಡಬ್ಬದ ಗಾತ್ರವನ್ನು ಗೊತ್ತುಮಾಡಬೇಕು. 40 ಲೀಟರಿನ ಡ್ರಮ್ಮು ಪೂರ್ತಿಯಾಗಿ ಬರಿದಾದರೆ ಉಪ್ಪು ಸಾವಿರಕ್ಕೆ 29ರವರೆಗೆ ಕುಸಿಯುತ್ತದೆ, ಮಿಕ್ಕ ನೀರು ನೆಲದ ಮೇಲೆ ಹರಿಯುತ್ತದೆ. 10 ಲೀಟರಿನ ಡಬ್ಬವಾದರೆ 33ಕ್ಕೆ ನಿಲ್ಲುತ್ತದೆ. ಸುಣ್ಣ ಬೆರೆಸಿದ್ದಲ್ಲಿ ಅಷ್ಟು ಕೂಡ ಹೆಚ್ಚೇ ಆದುದರಿಂದ, ಒಂದರ ಮೇಲೊಂದು ಎರಡು ಗುಂಡುಗಳನ್ನಿಟ್ಟು, ಪಂಪಿಗೆ ಗಂಟೆಗೆ ಒಂದೆರಡು ನಿಮಿಷಕ್ಕಿಂತ ಹೆಚ್ಚು ನಡೆಯದಂತೆ ಟೈಮರನ್ನೂ ಹಾಕುವುದು ಲೇಸು. ಚಿಕ್ಕ ಡಬ್ಬವನ್ನು ಮೂರು ದಿನಕ್ಕೊಮ್ಮೆ ತುಂಬಬೇಕಲ್ಲ ಎಂದು ಗೊಣಗುವವರುಂಟು. ತುಂಬಲು ಹೋದವನ ಕಣ್ಣು ಹೇಗೂ ಉಷ್ಣಮಾಪಕದ ಮೇಲೂ ಬೀಳುತ್ತದೆಯಾದ್ದರಿಂದ ಆ ಗೊಣಗಾಟಕ್ಕೆ ನಾನು ಬೆಲೆ ಕೊಡುವುದಿಲ್ಲ.